ಸೇತುವೆಯ ಪಟ್ಟಿಯಲ್ಲಿ ಮೂರನೇ ಹೆಸರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ದಿನಪತ್ರಿಕೆಯೊಂದಕ್ಕೆ ಭದ್ರಾವತಿಯ ವರದಿಗಾರನಾಗಿದ್ದೆ. ಒಂದು ದಿನ ಬಿ.ಎಸ್ಸಿ. ವಿದ್ಯಾರ್ಥಿನಿ ಶಶಿಕಲಾ ತನ್ನ ಎನ್ನೆಸ್ಸೆಸ್ ತಂಡದ ಸಮೀಕ್ಷೆ ತಂದಳು. ಓಲ್ಡ್ ಟೌನಿನ ತನ್ನದೇ ಬೀದಿಯ ನಲವತ್ತು ಮನೆಗಳಲ್ಲಿ ಕಸ ಎಲ್ಲಿ ಹಾಕುತ್ತೀರೆಂದು ಕೇಳಿದ್ದರು. ನಲವತ್ತೂ ಮನೆಯವರು ತೊಟ್ಟಿಗೆ ಎಂದಿದ್ದರು. ಆದರೆ ಭದ್ರಾ ನದಿಯ ಮೆಟ್ಟಿಲುಗಳ ಬಳಿ ಪ್ಲಾಸ್ಟಿಕ್ ಕವರುಗಳು ತೇಲುತ್ತಿದ್ದವು.

“ಹಾಗಾದ್ರೆ ಆ ಕವರ್ ಯಾರದಮ್ಮ?” ಎಂದೆ.

“ಹೊರಗಿನೋರು ಎಸೀತಾರೆ ಸಾರ್.”

“ನೋಡಿದ್ಯಾ?”

ಕೇಳಿದ್ದನ್ನು ನೋಡಿ ತಾಳೆ ಹಾಕದೆ ಸುದ್ದಿ ಮಾಡಬಾರದೆಂಬುದು ನಮ್ಮ ಕಚೇರಿಯ ನಿಯಮ. ಸಮೀಕ್ಷೆಯನ್ನು ಹಿಂದಿರುಗಿಸಿದೆ.

ಮರುವಾರ ಆಕೆ ಗೆಳತಿಯೊಂದಿಗೆ ಸೇತುವೆ ಪಕ್ಕದ ಟೀ ಅಂಗಡಿಯೊಳಗೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಕುಳಿತು, ನದಿಗೆ ಕವರ್ ಎಸೆದವರ ಹೆಸರು ಬರೆದು ತಂದಳು. ಹನ್ನೊಂದು ಹೆಸರು. ಎಲ್ಲರೂ ಅದೇ ಬೀದಿಯವರು. ಮೂರನೆಯದು ಪಾರ್ವತಮ್ಮ.

“ನಮ್ಮಮ್ಮ,” ಎಂದಳು ಶಶಿಕಲಾ.

“ಅದೊಂದು ಹೊಡೆದ್ಹಾಕು ಮಾರಾಯ್ತಿ. ಮನೇಲಿ ಗೊತ್ತಾದ್ರೆ ನಿನ್ ಕಾಲೇಜೇ ಬಂದ್,” ಎಂದಳು ಗೆಳತಿ.

“ಹೊಡೆದ್ರೆ ಉಳಿದ ಹತ್ತು ಜನದ ಮುಂದೆ ಹೆಂಗೆ ನಿಲ್ಲೋದು? ಸಾರ್, ಬೇರೆಯವರದು ಬೇಡ. ನಮ್ಮನೇದು ಹಾಕಿ.”

ಆರೋಪಕ್ಕೊಳಗಾದವರ ಮಾತು ಕೇಳದೆ ಹೆಸರು ಅಚ್ಚು ಮಾಡುವಂತಿರಲಿಲ್ಲ. ಆ ಶಾಸ್ತ್ರ ಮುಗಿಸಲೆಂದೇ ಅವರ ಮನೆಗೆ ಹೋದೆ. ಪಾರ್ವತಮ್ಮ ಪಟ್ಟಿ ಓದಿ ಮಗಳತ್ತ ನೋಡಿದರು.

“ಓದ್ಸಿದ್ದಕ್ಕೆ ಚೆನ್ನಾಗೇ ಮರ್ಯಾದೆ ಕೊಟ್ಟೆ ಬಿಡು.” ಆಮೇಲೆ ನನ್ನ ಕಡೆ ತಿರುಗಿದರು. “ಅದು ಕಸ ಅಲ್ಲ ಸಾರ್. ದೇವರಿಗೆ ಏರಿಸಿದ ಹೂವು. ತೊಟ್ಟೀಲಿ ಹಾಕಿದ್ರೆ ಹಂದಿ ಕೆದಕ್ತವೆ, ಜನ ತುಳೀತಾರೆ.”

“ಕವರನ್ನ ಯಾವ ದೇವರಿಗೆ ಏರಿಸಿದ್ದೆ?” ಎಂದಳು ಮಗಳು.

ಪಾರ್ವತಮ್ಮ ಪಟ್ಟಿಯನ್ನು ನನ್ನ ಕೈಗೆ ಹಿಂದಿರುಗಿಸಿದರು.

“ನನ್ನ ಹೆಸರು ಹಾಕ್ಕೊಳ್ಳಿ. ಕಾಲಿಗೆ ಸಿಗದ ಹಾಗೆ ಹೂವು ಹಾಕೋ ಜಾಗ ಈ ಬೀದೀಲಿ ಒಂದೂ ಇಲ್ಲ, ಅದನ್ನೂ ಬರೀರಿ. ನೀನು ಕಾಲೇಜಿಗೆ ಹೊರಡು. ಇನ್ನೂ ಯಾರ್‌ಯಾರ ಹೆಸರು ಬರೀಬೇಕೋ.”

ಎರಡನ್ನೂ ಬರೆದೆ. ಅದೇ ವಾರ ಶಶಿಕಲಾಳ ತಂಡ ಬೀದಿಯ ಅಶ್ವತ್ಥಕಟ್ಟೆಯ ಹಿಂದೆ ಗುಂಡಿ ತೋಡಿ, ಸುತ್ತ ಬೇಲಿ ಕಟ್ಟಿತು. ಮೊದಲು ಹೂವು ಹಾಕಿದವರು ಪಾರ್ವತಮ್ಮ; ಖಾಲಿ ಕವರನ್ನು ಮಡಚಿ ಮನೆಗೆ ಒಯ್ದರು. ನದಿಗೆ ಎಸೆಯುವವರು ಪೂರ್ತಿ ನಿಲ್ಲಲಿಲ್ಲ. ಹುಡುಗಿಯರೂ ಎಣಿಸುವುದನ್ನು ಬಿಡಲಿಲ್ಲ.

ಯಾರ ಮೇಲೆ ಬರೆಯುವುದಿದ್ದರೂ ನಾನು ಆಮೇಲೆ ಅವರ ಬಾಗಿಲು ತಟ್ಟಿದ್ದು ಬರಿಯ ಹೇಳಿಕೆಗಾಗಿ ಅಲ್ಲ. ಸುದ್ದಿಯ ಉಳಿದರ್ಧ ಅಲ್ಲಿರಬಹುದೆಂದು.