ಲೆಕ್ಕದ ಪ್ರೋಗ್ರಾಮಿನೊಳಗ ಹೊಡದ ಪತ್ರ

ನಾನು ಮಾಫಿ ಬರಕೊಡಲಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಮಾನ್ವ್ಯಾಗ ಇವತ್ತಿಗೂ ಕೆಲವರು ನಾನು ಬರಕೊಟ್ಟ ಮ್ಯಾಲನ ನೌಕರಿ ಉಳೀತು ಅಂತ ತಿಳಕೊಂಡಾರ.

ಎಂಬತ್ತರ ದಶಕದ ಕೊನೀ ಮಾತು. ರಾಯಚೂರಿನವರೊಬ್ಬರು, ದೇವದುರ್ಗದವರೊಬ್ಬರು, ಮಾನ್ವಿಯವರೊಬ್ಬರು, ಹಿಂಗ ಮೂರು ಮಂದಿ ಅಕ್ಕಿ ಗಿರಣಿ ಮಾಲಕರು ಕೂಡಿ ಮಾನ್ವ್ಯಾಗ ಒಂದು ಸಣ್ಣ ಆಫೀಸು ನಡಸ್ತಿದ್ರು. ಅಲ್ಲಿ ನಾನು ಟೈಪಿಸ್ಟ್. ದಿನಾ ಪೋತ್ನಾಳದಿಂದ ಬಸ್ಸಿಗೆ ಬರ್ತಿದ್ದೆ. ನನ್ನ ಗಂಡನ ಮನಿಯವರು ಕುರಿ ಕಾಯೋರು. ಆ ಮನ್ಯಾಗ ಕುರ್ಚಿ ಮ್ಯಾಲ ಕುಂತು ದುಡಿಯಾಕಿ ನಾನೊಬ್ಬಾಕಿನ, ಮತ್ತ ಆ ಕುರ್ಚಿ ಅಂದ್ರ ನಂಗ ಭಾಳ ಹೆಮ್ಮಿ ಇತ್ತು.

ಹೈದರಾಬಾದಿನಿಂದ ಕಂಪ್ಯೂಟರ್ ಬಂತು. ಅದರ ಜೋಡಿ ಫ್ಲಾಪಿಯೊಳಗ ಮೂರು ಪ್ರೋಗ್ರಾಮಿನ ಒಂದು ಸೆಟ್: ಪತ್ರ ಬರಿಯೋದೊಂದು, ಲೆಕ್ಕದ್ದೊಂದು, ವಿಳಾಸ ಇಟ್ಟುಕೊಳ್ಳೋದೊಂದು. ಮಿಷನ್ ಬಂತಲ್ಲಾ ಅಂತ ಮ್ಯಾನೇಜರ್ ನನ್ನ ಹಳೀ ಟೈಪ್‌ರೈಟರ್ ಕಲ್ಲೂರಿನವರಿಗೆ ಯಾರಿಗೋ ಕೊಟ್ಟು ಕೈ ತೊಳಕೊಂಡ್ರು.

ಶುಕ್ರವಾರ ಮುಂಜಾನಿ ಮಿಷನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡದು, ಫ್ಲಾಪಿ ಹಾಕಿದ್ವಿ. ಮೂರೂ ಹಾಕಲೋ, ಒಂದೊಂದ ಹಾಕಲೋ ಅಂತ ಪರದಿ ಮ್ಯಾಲ ಕೇಳ್ತು. ಲೆಕ್ಕದ್ದು ಮೊದಲು ಆಗ್ಲಿ ಅಂದ್ರು ಮ್ಯಾನೇಜರ್. ಅದು ಮುಗಿಯೋದ್ರಾಗ ಹತ್ತೂವರಿ ಆತು. ಅವರು ಗಡಿಯಾರ ನೋಡಿದ್ರು. "ನಿಲ್ಸವಾ, ರಾಹುಕಾಲ ಬಂತು. ಉಳಿದದ್ದು ಸೋಮವಾರ ಹಾಕಿದ್ರಾತು." ನಾನು ಒತ್ತಿ ನಿಲ್ಲಿಸಿದೆ.

ಸೋಮವಾರ ಫ್ಲಾಪಿ ಹಾಕಿದ್ರ, ನಿಮ್ಮ ಮಿತಿ ಮುಗದದ ಅಂತು ಮಿಷನ್. ಹೈದರಾಬಾದಿನ ಏಜೆಂಟಗ ಟ್ರಂಕ್ ಕಾಲ್ ಮಾಡಿದ್ವಿ. "ಆ ಫ್ಲಾಪಿ ಒಂದ ಸಲ ನಡೀತದರೀ," ಅಂದ. "ಮೂರೂ ಹಾಕಿದ್ರೂ ಒಂದ ಸಲ, ಒಂದ ಹಾಕಿದ್ರೂ ಒಂದ ಸಲ. ಲೈಸೆನ್ಸಿನ್ಯಾಗ ಬರದದ, ಓದ್ಕೋರಿ." ಮೂರು ಎಮ್ಮಿ ಮಾರಿ, ಒಂದರ ಹಾಲು ಕರದೀರಿ, ಇನ್ನೆರಡು ಮುಟ್ಟಬ್ಯಾಡ್ರಿ ಅಂದಂಗಾತು. ಕಡೀಗಿ ಅಂವ ಒಂದು ದಾರಿ ಹೇಳಿದ: ನಿಮ್ಮ ನೌಕರರದ ತಪ್ಪು ಅಂತ ಬರಕೊಡ್ರಿ, ಕಂಪನಿಗೆ ಕೇಳಿ ಇನ್ನೊಂದು ಫ್ಲಾಪಿ ತರಿಸಾಕ ನೋಡ್ತೀನಿ.

ಮ್ಯಾನೇಜರ್ ಫೋನ್ ಇಟ್ಟು ನನ್ನ ಕಡೆ ತಿರುಗಿದ್ರು. "ಶನಿವಾರ ಮಾಲಕರು ಕೂಡ್ತಾರ. ಅಷ್ಟರೊಳಗ ನಿನ್ನ ತಪ್ಪು ಒಪ್ಪಿ ಬರಕೊಡು. ಇಲ್ಲಂದ್ರ ಪತ್ರಾ ಬರಿಯೋ ಪ್ರೋಗ್ರಾಮ ಇಲ್ಲದ ಆಫೀಸಿಗಿ ಟೈಪಿಸ್ಟ್ ಯಾಕ ಬೇಕು ಅಂತ ಅವರ ಕೇಳ್ತಾರ."

ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ. ಬರಕೊಟ್ರ ಅದ ಕಾಗದ ತೋರಿಸಿ ನನ್ನ ತಗೀತಾರ, ಬರಕೊಡದಿದ್ರ ಕೆಲಸಿಲ್ಲಂತ ತಗೀತಾರ. ನಾನೂ ಪೋತ್ನಾಳದಾಕಿ, ನೋಡೇಬಿಡ್ತೀನಿ ಅಂದ್ಕೊಂಡೆ.

ಮಧ್ಯಾಹ್ನ ಮ್ಯಾನೇಜರ್ ಊಟಕ್ಕ ಹೋದ ಮ್ಯಾಲ ಲೆಕ್ಕದ ಪ್ರೋಗ್ರಾಮ್ ತಗದೆ. ಪರದಿ ತುಂಬ ಚೌಕಾಬಾರದ ಹಂಗ ಮನಿ. ಒಂದು ಮನ್ಯಾಗ ಅಂಕಿ ಬಿಟ್ಟು ಅಕ್ಷರ ಹೊಡದೆ, ತಗೊಂತು. ಮೊದಲನೇ ಮನಿ ಹಿಗ್ಗಿಸಿದೆ, ಕಾಗದದಷ್ಟು ಅಗಲಾತು. ಸಾಲು ತಾನಾಗೇ ಕೆಳಗ ಇಳೀತಿದ್ದಿಲ್ಲ, ನಾನ ಎಣಿಸಿ ಮುರದು ಮುಂದಿನ ಮನಿಗಿ ಇಳಿಸಬೇಕಿತ್ತು. ತಾರೀಖು ಹೊಡದ್ರ ಭಾಗಾಕಾರ ಮಾಡಿ ಎಂಥದೋ ಅಂಕಿ ತೋರಸ್ತು. ನಿನಗ ಯಾರು ಲೆಕ್ಕ ಕೇಳ್ಯಾರಲೇ ಅಂತ ಬೈದು, ಅದರ ಮುಂದ ಒಂದು ಉದ್ಧರಣ ಚಿಹ್ನಿ ಹಾಕಿದೆ. ಸುಮ್ನಾತು.

ನಾಕು ದಿನದ ಊಟದ ಹೊತ್ತು ಹಿಡೀತು. ನಡದದ್ದನ್ನ ನಡದಂಗ ಬರದೆ, ಒಂದು ಮಾತಿಗಿ ಒಂದು ಸಾಲು. ಪ್ರಿಂಟ್ ತಗದಾಗ ಪ್ರತಿ ಸಾಲಿನ ಮುಂದ ಅಂಕಿನೂ ಬಂತು. ಕೋರ್ಟಿನ್ಯಾಗ ಸಾಕ್ಷಿ ಹೇಳಿ ಬರಸೋ ಜಬಾನಿ ಇದ್ದಂಗ ಕಾಣ್ತಿತ್ತು.

ಶನಿವಾರ ಅದನ್ನ ಮಾಲಕರ ಮುಂದ ಇಟ್ಟೆ. ಆಫೀಸಿನ ಪತ್ರ ಎಲ್ಲಾ ಇಂಗ್ಲೀಷು, ಅದಕ್ಕ ರಾಯಚೂರಿನ ಮಾಲಕರು ಓದಿ ಉಳಿದಿಬ್ಬರಿಗೆ ಕನ್ನಡದಾಗ ಹೇಳಿದ್ರು. ಏಳನೇ ಸಾಲಿಗೆ ನಿಂತ್ರು. ರಾಹುಕಾಲ ಬಂತು ನಿಲ್ಸು ಅಂತ ಮ್ಯಾನೇಜರ್ ಹೇಳಿದ್ದು ಅಲ್ಲಿತ್ತು. ಮ್ಯಾನೇಜರ್ ನೆಲ ನೋಡಾಕತ್ತಿದ್ರು.

"ಇದನ್ನ ಎಲ್ಲಿ ಹೊಡಿಸಿದಿ?" ಅಂತ ರಾಯಚೂರಿನ ಮಾಲಕರು ಕೇಳಿದ್ರು.

"ಅದ ಮಿಷನ್ನಿನ್ಯಾಗರೀ. ಲೆಕ್ಕದ ಪ್ರೋಗ್ರಾಮಿನ್ಯಾಗ. ಆಫೀಸಿನ ಪತ್ರಾನೂ ಹಿಂಗ ಹೊಡೀಬಹುದು."

ಅವರು ಕಾಗದ ತಿರುವಿ ನೋಡಿದ್ರು. "ಹಂಗಾದ್ರ ನಿನ್ನ ನೌಕರಿ ಇರ್ಲಿ. ಇದನ್ನ ಹೈದರಾಬಾದಿಗಿ ಕಳಸೋಣು. ಏಳನೇ ಸಾಲೊಂದು ತಗದುಬಿಡವಾ, ಮ್ಯಾನೇಜರ್ ಹಿರೇ ಮನಶ್ಯಾ, ಮರ್ಯಾದಿ ಪ್ರಶ್ನಿ."

ನೌಕರಿ ಕೈಗಿ ಬಂದಿತ್ತು. ಹೂಂ ಅಂದಿದ್ರ ಮುಗೀತಿತ್ತು. ಆದ್ರ ಆ ಪ್ರೋಗ್ರಾಮಿನ ಗುಣ ನಾಕು ದಿನದಾಗ ನಂಗ ಗೊತ್ತಾಗಿತ್ತು.

"ಏಳನೇದು ತಗದ್ರ ಎಂಟನೇದು ತಾನ ಮ್ಯಾಲ ಬಂದು ಅದರ ಜಾಗಕ್ಕ ಕುಂದರ್ತದರೀ," ಅಂದೆ. "ಎಂಟನೇದರಾಗ ಟೈಪಿಸ್ಟ್ ಒತ್ತಿ ನಿಲ್ಲಿಸಿದಳು ಅಂತ ಅದ. ಹೇಳಿದವರು ಹೋಗ್ತಾರ, ಒತ್ತಿದಾಕಿ ಒಬ್ಬಾಕಿನ ಉಳೀತಾಳ. ನಡುವ ಏನೋ ಇತ್ತು ಅಂತ ಯಾರಿಗೂ ಗೊತ್ತಾಗಂಗಿಲ್ಲ. ನಾ ತಗಿಯಂಗಿಲ್ಲರೀ."

ದೇವದುರ್ಗದ ಮುದುಕ ಮಾಲಕರು ಕಾಗದ ಇಸಕೊಂಡು, ಎರಡೂ ಸಾಲಿರ್ಲಿ ಅಂದು, ಕೆಳಗ ತಮ್ಮ ಸಹಿ ಹಾಕಿದ್ರು.

ಎರಡನೇ ಫ್ಲಾಪಿ ಹೈದರಾಬಾದಿನಿಂದ ಬರಲೇ ಇಲ್ಲ. ಮುಂದ ನಾನು ಆ ಆಫೀಸಿನ್ಯಾಗ ಇರೋತನಕ ಎಲ್ಲಾ ಪತ್ರಾನೂ ಲೆಕ್ಕದ ಮನಿಯೊಳಗನ ಹೊಡದೆ, ಮತ್ತ ಮ್ಯಾನೇಜರ್ ಒಂದೊಂದಕ್ಕೂ ಮೊದಲನೇ ಸಾಲಿನಿಂದ ಕಡೀ ಸಾಲಿನತನಕ ಬೆರಳಿಟ್ಟು ಓದೇ ಸಹಿ ಹಾಕ್ತಿದ್ರು.