ಸಲಾವುದ್ದೀನನ ಕಿವಿ

ಕಂಪ್ಯೂಟರಿಗೂ ಬಾಯಿ ಇದೆ ಎಂದು ನನಗೆ ಹೇಳಿಕೊಟ್ಟವನು ಸಲಾವುದ್ದೀನ್. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ನಮ್ಮ ರಿಪೇರಿ ಅಂಗಡಿಯಲ್ಲಿ ನಾನು, ಮೌನೇಶ, ಗಿರಾಕಿಗಳ ಜೊತೆ ಗುದ್ದಾಡುವವನು. ಅವನು ಹಿಂದಿನ ಕೋಣೆಯವನು. ಪರದೆ ಬೆಳಗದ ಕಂಪ್ಯೂಟರ್ ಬಂದರೆ, ಆಟೋಗಳ ಗದ್ದಲ ಕೇಳದಂತೆ ಬಾಗಿಲು ಹಾಕಿಕೊಂಡು, ಜೇಬಿನಿಂದ ಗುಂಡಿಯಷ್ಟು ಸಣ್ಣ ಸ್ಪೀಕರ್ ತೆಗೆದು ಒಳಗೆ ಸಿಕ್ಕಿಸಿ, ಚಾಲೂ ಮಾಡಿ, ಕಣ್ಣು ಮುಚ್ಚುತ್ತಿದ್ದ. ಉದ್ದಕ್ಕೆ ಮೂರು ಸಲ ಕೂಗಿದರೆ ರ‍್ಯಾಮಿನ ತೊಂದರೆ. ಒಂದು ಉದ್ದ, ಎರಡು ಗಿಡ್ಡ ಕೂಗಿದರೆ ಡಿಸ್‌ಪ್ಲೇ ಕಾರ್ಡಿನದು. ಏನೂ ಕೂಗದಿದ್ದರೆ ಒಳಗಿನ ಮುಖ್ಯ ಬೋರ್ಡೇ ಸತ್ತಂತೆ. ಅವನು ಹೇಳಿದ ಮೇಲೆಯೇ ನಮ್ಮಲ್ಲಿ ಸ್ಕ್ರೂ ಬಿಚ್ಚುವುದು.

ಈ ಬೇಸಿಗೆಯಲ್ಲಿ ಬಂದ ಬಂದ ಬೋರ್ಡೆಲ್ಲ ಸಾಯತೊಡಗಿದವು. ನನಗೆ ಸಿಟ್ಟು ನೆತ್ತಿಗೇರಿತು. “ಏನ್ ಭಾಯ್, ಊರಿಗೆಲ್ಲ ಒಮ್ಮೆಲೆ ರೋಗ ಬಡದದೇನು?” ಎಂದೆ.

“ಬಿಸಿಲು ನೋಡು ಹೆಂಗದ” ಎಂದ. ಕಲಬುರಗಿ ಬಿಸಿಲಿನ ಮೇಲೆ ಏನು ಹೊರಿಸಿದರೂ ನಂಬಬೇಕು. ನಂಬಿದೆ.

ಆಗ ಕಮಲಾಪುರದಿಂದ ನಾಗರತ್ನಾ ಫೋನ್ ಮಾಡಿದಳು. ಊರವರ ಅರ್ಜಿ ತುಂಬಿಕೊಡುವ ಪುಟ್ಟ ಕೇಂದ್ರ ಅವಳದು, ಕಂಪ್ಯೂಟರ್ ಏಳುತ್ತಿರಲಿಲ್ಲ. ಇಬ್ಬರೂ ಬೈಕ್ ಹತ್ತಿ ಹೋದೆವು. ಕೂಲರ್ ಗುಡುಗುತ್ತಿತ್ತು. ಅದರ ತಂಪು ಗಾಳಿ ನೆಟ್ಟಗೆ ಕಂಪ್ಯೂಟರಿಗೇ ಬಡಿಯುತ್ತಿತ್ತು. ಮನುಷ್ಯರಿಗಿಂತ ಅದಕ್ಕೇ ಸೆಕೆ ಹೆಚ್ಚೆಂದು ಅವಳ ನಂಬಿಕೆ. ಮೂಲೆಯಲ್ಲಿ ಅವಳ ಅತ್ತೆ ಶಿವಕಾಂತಮ್ಮ ತೊಗರಿಬೇಳೆ ಆರಿಸುತ್ತಿದ್ದರು.

ಸಲಾವುದ್ದೀನ್ ಸ್ಪೀಕರ್ ಸಿಕ್ಕಿಸಿ ಚಾಲೂ ಮಾಡಿದ, ಕಣ್ಣು ಮುಚ್ಚಿದ. “ಬೋರ್ಡ್ ಹೋಗ್ಯದ್ರಿ ಅಕ್ಕಾವ್ರೆ.”

ನಾನು ಬಾಯಿ ತೆರೆಯುವುದರೊಳಗೆ ಶಿವಕಾಂತಮ್ಮ ಬೇಳೆಯಿಂದ ಕಣ್ಣೆತ್ತದೆ ಕೇಳಿದರು: “ಹೋಗ್ಯದಂದ್ರ ಮತ್ಯಾಕ ಚೀರಾಕತ್ತದಪ್ಪ ಅದು?”

“ಕೂಲರ್ ಸಪ್ಪಳದಾಗ ಕೇಳಿಸಲಿಲ್ಲ ಬಿಡ್ರಿ” ಎಂದು ನಕ್ಕ.

ನಾಗರತ್ನಾ ಕೂಲರ್ ಬಂದ್ ಮಾಡಿದಳು. ಅವನು ಮತ್ತೆ ಚಾಲೂ ಮಾಡಿದ. ಉದ್ದಕ್ಕೆ ಮೂರು ಸಲ ಕೂಗಿತು. ಅವನು ತಲೆ ಬಗ್ಗಿಸಿ ಇನ್ನೂ ಕಾಯುತ್ತಲೇ ಇದ್ದ. ಆಮೇಲೆ ಕಣ್ಣು ತೆರೆದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ.

“ಎಷ್ಟು, ಮೌನೇಶ?”

“ಮೂರು. ಉದ್ದ.”

ರ‍್ಯಾಮ್ ಕಿತ್ತು, ಕೂಲರಿನ ತೇವಕ್ಕೆ ಕಪ್ಪಿಟ್ಟಿದ್ದ ಅದರ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿ ಕೂಡಿಸಿದ. ಪರದೆ ಬೆಳಗಿತು. ನಾಗರತ್ನಾ ಚಹಾ ಕೊಟ್ಟಳು, ಅವನು ಮುಟ್ಟಲಿಲ್ಲ.

ದಾರಿಯಲ್ಲಿ ಬೈಕ್ ನಿಲ್ಲಿಸೆಂದ. “ನಾ ಸತ್ತಾವ ಅಂದ ಬೋರ್ಡ್ ಎಲ್ಲಿ ಅವ?”

“ಮೋಮಿನಪುರದ ಗುಜರಿಗೆ ಹಾಕೀನಿ.”

ಹೋದೆವು. ಗುಜರಿ ಹುಸೇನ ಅವನ್ನೆಲ್ಲ ಆಗಲೇ ಒಡೆದು ತಾಮ್ರ ಬೇರೆ ಮಾಡಿದ್ದ. ಸಲಾವುದ್ದೀನ್ ಆ ಚೂರುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಇವೂ ಕೂಗಿರಬೇಕು, ಅಲ್ಲ?” ಎಂದ.

ಮರುದಿನ ಡಾಕ್ಟರಿಗೆ ತೋರಿಸಿದೆವು. ಕಿವಿಯ ನರ ಒಣಗಿದೆ, ಮಾತು ಕೇಳುತ್ತದೆ, ಅಂಥ ಚೂಪು ದನಿ ಮಾತ್ರ ಮಷಿನ್ ಹಾಕಿದರೂ ಇನ್ನು ಕೇಳಲಾರದು ಎಂದರು. “ಯಾರಿಗೂ ಹೇಳಬ್ಯಾಡ, ಮೆಹರುನ್ನಿಸಾಗೂ” ಎಂದು ಅವನು ನನ್ನ ಕೈ ಹಿಡಿದ. ಮೆಹರುನ್ನಿಸಾ ಅವನ ಹೆಂಡತಿ. “ಕಿವಿ ಹೋಗ್ಯದ ಅಂತ ಗೊತ್ತಾದ್ರ ನನ್ನ ಹತ್ರ ಯಾರು ಬರ್ತಾರ? ಈ ಕೆಲಸ ಬಿಟ್ರ ನನಗೇನು ಬರ್ತದ?”

ಅಂದಿನಿಂದ ನಾನೂ ಹಿಂದಿನ ಕೋಣೆಗೆ ಹೋಗಿ ನಿಲ್ಲುತ್ತೇನೆ. ಅವನು ಈಗ ಕಣ್ಣು ಮುಚ್ಚುವುದಿಲ್ಲ, ನನ್ನ ಕೈ ನೋಡುತ್ತಾನೆ. ಉದ್ದ ಕೂಗಿಗೆ ಹೆಬ್ಬೆರಳು, ಗಿಡ್ಡಕ್ಕೆ ಕಿರುಬೆರಳು ಎತ್ತುತ್ತೇನೆ.

ನಿನ್ನೆ ನಾನು ಖೂಬಾ ಪ್ಲಾಟ್ ಬಡಾವಣೆಯಲ್ಲಿ ಮದುವೆಯೂಟ ಮುಗಿಸಿ ಅಂಗಡಿಗೆ ಬಂದಾಗ, ಗಿರಾಕಿ ಅಣವೀರಪ್ಪ ಕೌಂಟರಿಗೆ ಒರಗಿ ನಿಂತಿದ್ದರು. ಹಿಂದಿನ ಬಾಗಿಲು ತೆರೆದಿತ್ತು.

“ನನ್ನ ಕಂಪ್ಯೂಟರ್ ಆವಾಗಿಂದ ಕೂಗಾಕತ್ತದ. ಒಳಗ ಯಾರೂ ಇಲ್ಲೇನ್ರಿ?” ಎಂದರು.

ಒಳಗೆ ಓಡಿದೆ. ಸಲಾವುದ್ದೀನ್ ಕಂಪ್ಯೂಟರಿನ ಡಬ್ಬಿಗೆ ಕಿವಿ ಒತ್ತಿ ಕೂತಿದ್ದ. ಅದು ಕೂಗುತ್ತಲೇ ಇತ್ತು. ನನ್ನನ್ನು ಕಂಡು ಸಣ್ಣ ದನಿಯಲ್ಲಿ ಕೇಳಿದ:

“ಏನರೆ ಅನ್ನಾಕತ್ತದೇನು, ಮೌನೇಶ?”