ಊರು ಖಾಲಿಯಾದ ಮಂಗಳವಾರ

ಆಗ ಯುದ್ಧದ ಕಾಲ. ನನಗೆ ಹದಿನೈದು ತುಂಬಿತ್ತು, ತಮ್ಮ ಇನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುವ ವಯಸ್ಸಿನವನು. ಅವ್ವ ಸತ್ತಿದ್ದಳು. ಸೈನ್ಯಕ್ಕೆ ಸೇರಿ ಹೋದ ಅಪ್ಪನ ಸುದ್ದಿಯೇ ಇರಲಿಲ್ಲ. ಹಲಗೂರಿನ ಕಡೆ ಸೋದರಮಾವನ ಮನೆಯಲ್ಲಿ ಸ್ವಲ್ಪ ಕಾಲ ಇದ್ದೆವು. ರಾಗಿ ಸಿಗುವುದೇ ಕಷ್ಟವಾದಾಗ ಅತ್ತೆ ಒಂದು ಬೆಳಿಗ್ಗೆ ನಮ್ಮ ಬಟ್ಟೆಗಳನ್ನು ಗಂಟು ಕಟ್ಟಿ ಜಗಲಿಯ ಮೇಲಿಟ್ಟು, "ನಿಮ್ಮಪ್ಪ ಬಂದ್ಮೇಕೆ ಬನ್ರವ್ವ" ಅಂದಳು. ಎಷ್ಟು ನಯವಾದ ಮಾತು ನೋಡಿ! ಆ ನಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಮಳವಳ್ಳಿಯ ಸಂತೆಮಾಳ, ಯಾರದೋ ಹುಲ್ಲಿನ ಮೆದೆ, ಮದ್ದೂರಿನ ಸ್ಟೇಷನ್ನು. ಎಲ್ಲಿ ಹೋಗಿ ಕೂತರೂ "ಏಳಮ್ಮಿ, ಓಗು ಅತ್ಲಾಗೆ" ಎಂದು ಎಬ್ಬಿಸುವವರೇ. ಅದಕ್ಕೆ ನಾನು ಒಗ್ಗಿಕೊಂಡಿದ್ದೆ. ಎಬ್ಬಿಸದೆ ಸುಮ್ಮನೆ ನೋಡುತ್ತ ನಿಲ್ಲುವ ಗಂಡಸರನ್ನು ಕಂಡರೆ ಮಾತ್ರ ಹೆದರಿಕೆಯಾಗುತ್ತಿತ್ತು. ಸ್ಟೇಷನ್ನಿನಲ್ಲಿ ಅಂಥವನೊಬ್ಬ ಎರಡು ದಿನ ಬಿಡದೆ ನೋಡಿದ. ಅವನಿಗೆ ಹೆದರಿಯೇ ತಮ್ಮನನ್ನು ಎಳೆದುಕೊಂಡು ರೈಲು ಹಳಿಯ ಪಕ್ಕದಲ್ಲಿ ಹನಕೆರೆ ಕಡೆಗೆ ಹೊರಟೆ.

ದಾರಿಯಲ್ಲಿ ತಮ್ಮ ಕುಂಟತೊಡಗಿದ. ಮೈ ಸುಡುತ್ತಿತ್ತು. ತೊಡೆಯ ಸಂದಿನಲ್ಲಿ ನೋವು ಅಂದ. ಮುಟ್ಟಿ ನೋಡಿದರೆ ಗಂಟು. ಪ್ಲೇಗು ಬಂದವರಿಗೆ ಅಲ್ಲೇ ಗಡ್ಡೆ ಏಳುತ್ತದೆಂದು ಕೇಳಿದ್ದೆ. ಬೆನ್ನ ಮೇಲೆ ಹೊತ್ತುಕೊಂಡು, ಹಳಿ ಬಿಟ್ಟು, ಕಂಡ ಮೊದಲ ಹಳ್ಳಿಗೆ ನಡೆದೆ.

ಊರಬಾಗಿಲಿಗೆ ಮುಳ್ಳು ಎಳೆದಿದ್ದರು. ಹೇಗೋ ನುಸುಳಿ ಒಳಗೆ ಹೋದರೆ ನರಪಿಳ್ಳೆ ಇಲ್ಲ. ನಡುಮಧ್ಯಾಹ್ನದಲ್ಲಿ ಬಾಗಿಲುಗಳೆಲ್ಲ ಹಾಕಿವೆ, ಯಾವ ಮನೆಯಿಂದಲೂ ಹೊಗೆಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ, ಒಂದು ಕೋಳಿ ಕೂಡ ಇಲ್ಲ. ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ನನಗೆ ಗೊತ್ತಿತ್ತು. ಪ್ಲೇಗಿನ ಊರಿಗೇ ಬಂದೆನಲ್ಲ ದೇವರೇ ಎಂದು ಅಳು ಬಂತು. ವಾಪಸು ಹೋಗೋಣವೆಂದರೆ ಇವನನ್ನು ಹೊರುವ ಶಕ್ತಿಯಿರಲಿಲ್ಲ. ಒಂದು ಮನೆಯ ಜಗಲಿಯ ಮೇಲೆ ಮಲಗಿಸಿ, ಇಲಿ ಬರುತ್ತದೇನೋ ಎಂದು ಗೋಡೆಯ ಬುಡವನ್ನೇ ನೋಡುತ್ತ ಕೂತೆ. ಗಾಳಿಗೆ ಬಾಗಿಲ ಚಿಲಕ ಅಲುಗಿದರೂ ಎದ್ದು ನಿಲ್ಲುತ್ತಿದ್ದೆ.

ದೀಪ ಹಚ್ಚುವ ಹೊತ್ತಿಗೆ ತಮಟೆ ಕೇಳಿಸಿತು. ಇಡೀ ಊರು, ದನಕರು ಸಮೇತ, ಬೀದಿಗೆ ನುಗ್ಗಿ ಬಂತು. ನಮ್ಮನ್ನು ಕಂಡದ್ದೇ ತಮಟೆ ನಿಂತುಹೋಯಿತು. ಯಾರೋ ಹೆಂಗಸು ಕಿಟಾರನೆ ಕಿರುಚಿದಳು.

ಅದು ಪ್ಲೇಗಲ್ಲ, ಹೊರಬೀಡು. ಊರಿಗೆ ಕೇಡು ತಟ್ಟದಿರಲೆಂದು ಒಂದು ಮಂಗಳವಾರ ಎಲ್ಲರೂ ಮನೆ ಬಿಟ್ಟು ಊರಾಚೆ ಹೋಗಿ, ಅಲ್ಲೇ ಬೇಯಿಸಿ ಉಂಡು, ಸಂಜೆ ಮರಳುವ ಪದ್ಧತಿ. ಅಷ್ಟು ಹೊತ್ತೂ ಊರೊಳಗೆ ಒಂದು ಜೀವವೂ ಇರಕೂಡದು. ಇದ್ದರೆ ಮಾರಿ ಹೊರಟುಹೋಗುವುದಿಲ್ಲ. ನಮ್ಮೂರ ಕಡೆ ಇದಿರಲಿಲ್ಲ, ನನಗೇನು ಗೊತ್ತು?

"ಮಾರಿನೇ ಐಕ್ಳ ವೇಸ ಆಕಂಡು ಕುಂತದೆ ಕಣ್ಲಾ," ಅಂದ ಒಬ್ಬ. ಇನ್ನೊಬ್ಬ ಕಲ್ಲೆತ್ತಿಕೊಂಡ. ನಾನು ತಮ್ಮನ ಮೇಲೆ ಕವುಚಿಬಿದ್ದೆ. ಊರ ಗೌಡರು ಗದರಿಸಿ ಕಲ್ಲನ್ನು ಕೆಳಗೆ ಹಾಕಿಸಿದರು. ಆದರೆ ಅವರ ತೀರ್ಮಾನ ಕೇಳಿ, ಆ ಕಲ್ಲೇ ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಒರಬೀಡು ಕೆಟ್ಟೋಯ್ತು. ಬರೋ ಮಂಗಳವಾರ ಇನ್ನೊಂದ್ಸಲ ಮಾಡ್ಬೇಕು. ಅಲ್ಲಿಗಂಟ ಇವು ಇಲ್ಲೇ ಇರ್ಲಿ. ಆವತ್ತು ನಮ್ ಜೊತೆ ಒರಕ್ಕೆ ಬರ್ಲಿ, ಮಾರಿನೂ ಇವುರ್ ಜೊತೆಗೇ ಓಗ್ಲಿ. ತಿರುಗ ಊರೊಳಿಕೆ ಬರದು ಬ್ಯಾಡ."

ಆ ಜಗಲಿಯ ಮನೆ ಒಬ್ಬ ಒಂಟಿ ಮುದುಕಿಯದು. ಬಾಯಿ ಬಲು ಕೆಟ್ಟದ್ದು. "ನನ್ ಜಗಲಿನೇ ಬೇಕಾಗಿತ್ತಾ ನಿಂಗೆ, ಮೂದೇವಿ" ಎಂದು ಬೈಯುತ್ತಲೇ ಮುದ್ದೆ ಇಕ್ಕಿದಳು. ತಮ್ಮನ ಗಂಟು ಕಾಣದಿರಲೆಂದು ನಾನು ಅವನಿಗೆ ನನ್ನ ಸೆರಗು ಹೊದಿಸಿದ್ದೆ. ಬೆಳಿಗ್ಗೆ ಅವಳು ಅದನ್ನು ಎಳೆದುಹಾಕಿ ನೋಡಿಬಿಟ್ಟಳು. ನಾನು ಕಾಲು ಹಿಡಿದುಕೊಂಡೆ. "ಪಿಳೇಗು ಅಂತ ಯಾರ್ಗೂ ಏಳ್ಬ್ಯಾಡ ಕಣಜ್ಜಿ."

ಅವಳು ಅವನ ಅಂಗಾಲು ತಿರುಗಿಸಿ, ಸೂಜಿಯಿಂದ ಕೆದಕಿ, ಕೀವಿನ ಜೊತೆ ಒಂದು ಜಾಲಿಮುಳ್ಳು ತೆಗೆದಳು. "ಕಾಲಲ್ಲಿ ಮುಳ್ಳು ಕೊಳ್ತು ಸಂದೀಲಿ ಗಂಟು ಕಟ್ಕಂಡದೆ. ಪಿಳೇಗಂತೆ, ಪಿಳೇಗು!"

ಪ್ಲೇಗಿನ ಭಯ ಇಳಿಯಿತು. ಮಂಗಳವಾರದ ಭಯ ಇಳಿಯಲಿಲ್ಲ. ವಾರವೆಲ್ಲ ಅವಳ ಮನೆ ಸಾರಿಸಿದೆ, ನೀರು ಹೊತ್ತೆ, ರಾಗಿ ಬೀಸಿದೆ. ಬೈಗುಳ ಬಂತೇ ಹೊರತು "ಇರು" ಅನ್ನುವ ಮಾತು ಬರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಕಣ್ಣು ಮುಚ್ಚಿದರೆ ಸ್ಟೇಷನ್ನಿನ ಆ ಗಂಡಸೇ ಕಾಣುತ್ತಿದ್ದ.

ಮಂಗಳವಾರ ಊರಿನ ಜೊತೆ ನಾವೂ ಹೊರಗೆ ಹೋದೆವು. ಹೆಂಗಸರು ನಗುತ್ತ ಅಡುಗೆ ಮಾಡಿದರು, ಮಕ್ಕಳು ಕುಣಿದವು. ನನ್ನ ಪಾಲಿನ ಮುದ್ದೆಯನ್ನೂ ತಮ್ಮನಿಗೇ ಕೊಟ್ಟೆ. ಹೊತ್ತು ಬೇಡವೆಂದರೂ ಇಳಿಯಿತು. ಊರಬಾಗಿಲ ಮುಳ್ಳು ಸರಿಸಿದರು. ಒಂದೊಂದು ಮನೆಯವರೂ ಮಾರಿಗೆ ಮಾಡಿದ ಪೂಜೆಯ ಬೆಂಕಿಯಿಂದ ಕುಡಿಕೆಯಲ್ಲಿ ಕೆಂಡ ತುಂಬಿಕೊಂಡು ಒಳಗೆ ನಡೆದರು. ಒಲೆ ಆ ಕೆಂಡದಿಂದಲೇ ಹೊತ್ತಬೇಕು, ಅದನ್ನು ಆ ಮನೆಯ ಹೆಣ್ಣೇ ಒಯ್ಯಬೇಕು. ನಾನು ತಮ್ಮನ ಕೈ ಹಿಡಿದು ಬದುವಿನ ಮೇಲೆ ನಿಂತಿದ್ದೆ.

"ಅಕ್ಕಾ, ನಾವ್ ಯಾವಾಗ ಓಗದು?" ಅಂದ. ನಾನು ರೈಲು ಹಳಿ ಯಾವ ದಿಕ್ಕಿಗಿದೆಯೆಂದು ನೋಡತೊಡಗಿದೆ.

ಎಲ್ಲರೂ ಹೋಗಿ, ನಮ್ಮನ್ನು ತಡೆಯಲೆಂದು ಗೌಡರೊಬ್ಬರೇ ದಾರಿಗೆ ಅಡ್ಡ ನಿಂತ ಮೇಲೆ ಮುದುಕಿ ನಮ್ಮ ಹತ್ತಿರ ಬಂದಳು. ಗೌಡರ ಎದುರಿಗೇ ತನ್ನ ಕೆಂಡದ ಕುಡಿಕೆಯನ್ನು ನನ್ನ ಕೈಯಲ್ಲಿಟ್ಟಳು.

"ಏನಮ್ಮ ಇದು?" ಅಂದರು ಗೌಡರು.

"ಕಾಣಕ್ಕಿಲ್ವಾ? ನನ್ ಮನೆ ಬೆಂಕಿ. ನನ್ ಮನೆ ಎಣ್ಮಗ ಇಡ್ಕಂಡದೆ. ದಾರಿ ಬುಡಿ."

ಗೌಡರು ಪಕ್ಕಕ್ಕೆ ಸರಿದರು. ಕುಡಿಕೆ ಅಂಗೈ ಸುಡುತ್ತಿತ್ತು. ಕೆಳಗಿಟ್ಟರೆ ಒಳಗೆ ಬಿಡುವುದಿಲ್ಲವೇನೋ ಎಂದು ಹೆದರಿ, ಅಳುತ್ತಲೇ, ಒಲೆಯವರೆಗೂ ಅದನ್ನು ಇಳಿಸದೆ ನಡೆದೆ.